ಒಂದೇ ಸೂರಿಗೆ ಇಬ್ಬರು ಓರಾನ್

ಗ್ಲೆನ್ ಡುವ್ ಸುರಂಗದ ಬಿಡಾರ, ಸ್ಕಾಟ್ಲೆಂಡ್
೩ ಮಾರ್ಚ್ ೧೯೫೭

ನೂಲಕ್ಕನಿಗೆ,

ಅಕ್ಷರ ನೋಡಿ ಹೆದರಬೇಡ. ಬರೆಯುತ್ತಿರುವುದು ದೆವ್ವವಲ್ಲ, ನಿನ್ನ ತಮ್ಮ ಓರಾನ್. ಬದುಕಿದ್ದೇನೆ. ಕೈಕಾಲು ನೆಟ್ಟಗಿವೆ. ಬಂಡೆ ಸಿಡಿಸುವ ಸದ್ದಿಗೆ ಬಲಗಿವಿ ಅರ್ಧ ಮುಚ್ಚಿದೆ, ಅಷ್ಟೇ.

ನೀವು ನನ್ನ ಸಾವಿನ ಜಾಗರಣೆ ಮಾಡಿ ಮುಗಿಸಿದ್ದೀರಿ ಎಂದು ಹೋದ ವಾರ ತಿಳಿಯಿತು. ನಮ್ಮ ದ್ವೀಪದ ಎದುರು ದಡದವನೊಬ್ಬ ಇಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ. ಚಹಾ ಕುಡಿಯುತ್ತಾ, "ಇನಿಶ್ ಲೋನ್ ದ್ವೀಪದವನೊಬ್ಬ ಸುರಂಗ ಕುಸಿದು ಸತ್ತ ಕಣಯ್ಯಾ. ಹೆಣ ಸಿಗ್ಲಿಲ್ಲ. ಬರೀ ಕೋಟನ್ನ ಮೇಜಿನ ಮೇಲಿಟ್ಟು ಮೇಣದಬತ್ತಿ ಹಚ್ಚಿದ್ರು. ನಾನೂ ಹೋಗಿ ಒಂದು ಪೈಪು ತಂಬಾಕು ಸೇದಿ ಬಂದೆ" ಎಂದ. ಯಾರು ಸತ್ತವನು ಎಂದು ಕೇಳಿದರೆ ನನ್ನ ಹೆಸರನ್ನೇ ಹೇಳಬೇಕೇ! ನನ್ನ ತಿಥಿಯ ತಂಬಾಕು ಸೇದಿದವನ ಪಕ್ಕದಲ್ಲೇ ಕೂತು ಚಹಾ ಕುಡಿದೆ, ಅಕ್ಕಾ.

ಆ ಸುರಂಗ ಕುಸಿದಾಗ ನಾನು ಅಲ್ಲಿರಲಿಲ್ಲ. ಕುಡಿದು ಬಂದೆನೆಂದು ಮೇಸ್ತ್ರಿ ಅದಕ್ಕೆ ಮೊದಲೇ ಓಡಿಸಿದ್ದ. ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಲು ಮರೆತಿದ್ದನೋ ಏನೋ. ಇನ್ನು ಕಾಗದ ಯಾಕೆ ಬರೆಯಲಿಲ್ಲ ಎಂದರೆ ಏನು ಹೇಳಲಿ. ನಾನು ಹೊರಟ ದಿನ ಅವ್ವ ಬಾಗಿಲಲ್ಲಿ ನಿಂತು, "ಕುಡುಕ ಮುಂಡೇದೆ, ಇನ್ನು ನಿನ್ ಮುಖ ತೋರಿಸ್ಬೇಡ" ಎಂದದ್ದು ನಿನಗೂ ನೆನಪಿರಬೇಕು. ಮೊದಲು ಕೋಪದಿಂದ ಬರೆಯಲಿಲ್ಲ, ಆಮೇಲೆ ನಾಚಿಕೆಯಿಂದ. ಈಗ ಕುಡಿತ ಬಿಟ್ಟಿದ್ದೇನೆ. ನಿಜವಾಗಿ ಬಿಟ್ಟಿದ್ದೇನೆ.

ಅವ್ವ ಇದ್ದಾಳಾ? ಇದ್ದರೆ ಒಂದು ಸಲ ಅವಳ ಮುಂದೆ ನಿಲ್ಲಬೇಕು. ಬೈದರೆ ಬೈಸಿಕೊಳ್ಳುತ್ತೇನೆ. ಬಾ ಎಂದು ನೀನು ಒಂದು ಮಾತು ಬರೆ ಸಾಕು.

ನಿನ್ನ ತಮ್ಮ,
ಓರಾನ್


ಇನಿಶ್ ಲೋನ್
೧೪ ಮಾರ್ಚ್ ೧೯೫೭

ಓರಾನ್, ನನ್ನಪ್ಪಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆದು ಒಲೆಗೆ ಹಾಕುತ್ತೇನೆ. ನಿನಗೆ ಕಳಿಸುವ ಕಾಗದ ಬೇರೆ ಬರೆಯಬೇಕು. ಅದನ್ನು ಬರೆಯುವುದಕ್ಕೆ ಮೊದಲು ಇದನ್ನು ಎಲ್ಲಾದರೂ ಕಕ್ಕಿಕೊಳ್ಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ನಿನ್ನ ಕಾಗದ ಓದಿ ಕೊಟ್ಟಿಗೆಗೆ ಓಡಿದೆ. ಹಸುವಿನ ಕೊರಳು ತಬ್ಬಿ ಅತ್ತೆ. ನನ್ನ ತಮ್ಮ ಬದುಕಿದ್ದಾನೆ! ಆದರೆ ಬಾಯಿಂದ ಬಂದ ಮಾತು ಅದಲ್ಲ. "ಅಯ್ಯೋ, ಯಾಕೆ ಬದುಕಿದೆಯೋ" ಎಂದು ಬಂತು. ನನ್ನ ನಾಲಿಗೆಗೆ ಹುಳ ಬೀಳಲಿ.

ನಮ್ಮ ಕಟ್ಟಳೆ ನಿನಗೆ ಗೊತ್ತೇ ಇದೆ. ಹೆಣ ಸಿಗದೆ ಹೋದವನ ಹೆಸರು ನೆಲೆಯಿಲ್ಲದೆ ಅಲೆಯುತ್ತದೆ, ಮನೆಯಲ್ಲಿ ಹುಟ್ಟುವ ಮೊದಲ ಗಂಡುಮಗುವಿಗೆ ಇಟ್ಟರೆ ಅದು ಮನೆ ಸೇರುತ್ತದೆ. ನಿನ್ನ ಸುದ್ದಿ ಬಂದ ಮರುವರ್ಷ ನನಗೆ ಮಗ ಹುಟ್ಟಿದ. ನಿನ್ನ ಭಾವ ಫರ್ಗಲ್ ತನ್ನ ಸತ್ತ ಅಪ್ಪನ ಹೆಸರು ಇಡಬೇಕಾಗಿತ್ತು. ಅವ್ವನ ಮುಖ ನೋಡಿ ಬಿಟ್ಟುಕೊಟ್ಟ. ಮಗುವಿಗೆ ಓರಾನ್ ಎಂದು ಹೆಸರಿಟ್ಟೆವು. ಅಲ್ಲಿಯವರೆಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅವ್ವ ಆವತ್ತು ಎದ್ದು ರೊಟ್ಟಿ ಸುಟ್ಟಳು.

ಬದುಕಿರುವವನ ಹೆಸರನ್ನು ಮಾತ್ರ ಇಡಬಾರದು. ಒಂದೇ ಸೂರಿನ ಕೆಳಗೆ ಒಂದೇ ಹೆಸರಿನ ಇಬ್ಬರು ಮಲಗಿದರೆ ಕಡಲು ಒಬ್ಬನನ್ನು ಕೇಳುತ್ತದೆ. ಸತ್ತನೆಂದುಕೊಂಡಿದ್ದ ಮೇಲ್ಮನೆಯ ಯೋನ್ ಹಡಗಿನಿಂದ ವಾಪಸು ಬಂದ ವರ್ಷ ಏನಾಯಿತು? ಅವನ ಹೆಸರಿನ ಅಣ್ಣನ ಮಗ ಆಳವಿಲ್ಲದ ನೀರಿನಲ್ಲಿ ಮುಳುಗಿ ಸತ್ತ. ಯೋನ್ ಇವತ್ತಿಗೂ ಆ ದಡದ ಕಡೆ ನಡೆಯುವುದಿಲ್ಲ.

ನಿನ್ನ ಕಾಗದ ಬಂದ ದಿನವೇ ಮಗುವಿಗೆ ಜ್ವರ ಏರಿದೆ. ನೀನು ಬಂದರೆ ನನ್ನ ಮಗ ಹೋಗುತ್ತಾನೆ. ಇದನ್ನು ನಿನಗೆ ಹೇಗೆ ಹೇಳಲಿ? ನೀನು ಬದುಕಿರುವುದೇ ನನಗೆ ಕೇಡು ಎಂದು ಯಾವ ಬಾಯಲ್ಲಿ ಹೇಳಲಿ?


ಇನಿಶ್ ಲೋನ್
೧೬ ಮಾರ್ಚ್ ೧೯೫೭

ಪ್ರೀತಿಯ ತಮ್ಮನಿಗೆ,

ದೇವರು ದೊಡ್ಡವನು. ನೀನು ಬದುಕಿದ್ದೀಯ ಎಂದು ತಿಳಿದು ಎಷ್ಟು ಸಂತೋಷವಾಯಿತೆಂದರೆ ಹೇಳತೀರದು. ಇಷ್ಟು ವರ್ಷ ಒಂದು ಸಾಲು ಬರೆಯಲು ನಿನಗೇನು ರೋಗವಾಗಿತ್ತೋ ಪಾಪಿ? ಎದುರಿಗೆ ಸಿಕ್ಕಿದ್ದರೆ ಪೊರಕೆ ತಗೊಳ್ಳುತ್ತಿದ್ದೆ.

ಅವ್ವ ಇದ್ದಾಳೆ. ಕಣ್ಣಿಗೆ ಪೊರೆ ಬಂದಿದೆ, ಎದೆಯೂ ಸರಿಯಿಲ್ಲ. ಸತ್ತನೆಂದು ಅತ್ತ ಮಗ ದಿಢೀರನೆ ಬಾಗಿಲಲ್ಲಿ ನಿಂತರೆ ಆ ಎದೆ ತಡೆಯುವುದಿಲ್ಲ. ನಾನು ಮೆಲ್ಲಗೆ ತಿಳಿಸುತ್ತೇನೆ. ಅಲ್ಲಿಯವರೆಗೆ ಬರಬೇಡ. ಕಡಲೂ ಈಗ ಒರಟಾಗಿದೆ.

ನನಗೊಬ್ಬ ಮಗ ಇದ್ದಾನೆ. ಮಾವ ತೀರಿಕೊಂಡರಲ್ಲ, ವಾಡಿಕೆಯಂತೆ ಅವರ ಹೆಸರನ್ನೇ ಇಟ್ಟಿದ್ದೇವೆ. ಕೊನಲ್. ಸ್ವಲ್ಪ ಜ್ವರವಿತ್ತು, ಈಗ ಇಳಿಯುತ್ತಿದೆ.

ನಿನ್ನ ಅಕ್ಕ,
ನೂಲಾ


ಗ್ಲೆನ್ ಡುವ್
೨೦ ಏಪ್ರಿಲ್ ೧೯೫೭

ನೂಲಕ್ಕಾ,

ನಿನ್ನ ಬೈಗುಳ ಓದಿ ಹೊಟ್ಟೆ ತುಂಬಿತು. ನನ್ನನ್ನು ಬೈಯುವವರೂ ಇಲ್ಲದೆ ಏಳು ವರ್ಷ ಕಳೆದಿದ್ದೆ. ನೀನು ಹೇಳಿದ ಹಾಗೆ ಕಾಯುತ್ತೇನೆ. ಅವ್ವನ ಎದೆ ನನ್ನ ಆತುರಕ್ಕಿಂತ ದೊಡ್ಡದು.

ಒಂದು ತಮಾಷೆ ಕೇಳು. ನಮ್ಮ ತಂಡದಲ್ಲಿ ಟೊರ್ಕಿಲ್ ಎಂಬ ಮುದುಕನಿದ್ದಾನೆ, ಸ್ಕಾಟ್ಲೆಂಡಿನ ಪಡುವಣ ದ್ವೀಪದವನು. ಇಷ್ಟು ದಿನ ನನ್ನನ್ನು 'ಗಡ್ಡದವನೇ' ಎಂದು ಕರೆಯುತ್ತಿದ್ದ. ಮೊನ್ನೆ ಹೆಸರು ಕೇಳಿದ, ಹೇಳಿದೆ. ಚಹಾದ ಲೋಟ ಕೆಳಗಿಟ್ಟು, "ಅಯ್ಯೋ ಪಾಪ! ಅದು ಹೂತಾಕಿದವನ ಹೆಸ್ರಲ್ವೇನಯ್ಯಾ?" ಎಂದ. "ಹೌದು, ನಮ್ಮ ಮನೆಯವರೂ ಹೂತಾಯ್ತು" ಎಂದೆ.

ಅವನು ಹೇಳಿದ ಕಥೆ ಇದು. ನಮ್ಮ ಡೊನಿಗಾಲ್ ಸೀಮೆಯ ಸಂತ ಕೊಲಂ ದೋಣಿಯಲ್ಲಿ ಅಯೋನಾ ದ್ವೀಪಕ್ಕೆ ಹೋಗಿ ಗುಡಿ ಕಟ್ಟತೊಡಗಿದನಂತೆ. ಹಗಲು ಕಟ್ಟಿದ ಗೋಡೆ ಬೆಳಗಾಗುವಷ್ಟರಲ್ಲಿ ಬೀಳುತ್ತಿತ್ತು. ಜೀವಂತ ಮನುಷ್ಯನೊಬ್ಬ ಅಡಿಪಾಯದೊಳಗೆ ಮಲಗಿದರೆ ಮಾತ್ರ ನಿಲ್ಲುತ್ತದೆ ಎಂದು ತಿಳಿಯಿತು. ಜೊತೆಗಾರ ಓರಾನ್, ನಾನೇ ಮಲಗುತ್ತೇನೆ ಎಂದ. ಹೂತರು. ಗೋಡೆ ನಿಂತಿತು. ಮೂರನೆಯ ದಿನ ಕೊಲಂಗೆ ಗೆಳೆಯನ ಮುಖ ನೋಡುವ ಆಸೆಯಾಗಿ ಮಣ್ಣು ತೆಗೆಸಿದ. ಓರಾನ್ ಕಣ್ಣು ಬಿಟ್ಟು, "ಸಾವು ಅಂಥ ದೊಡ್ಡ ವಿಷ್ಯ ಏನಲ್ಲ. ನರಕವೂ ನೀವು ಹೇಳೋವಷ್ಟು ಕೆಟ್ಟದಾಗಿಲ್ಲ" ಎಂದನಂತೆ. ಸಂತನಿಗೆ ಗಾಬರಿ! "ಮಣ್ಣು ಹಾಕ್ರೋ, ಬೇಗ ಹಾಕ್ರೋ, ಇನ್ನೂ ಏನೇನು ಹೇಳ್ತಾನೋ!" ಎಂದು ಕೂಗಿ ಮತ್ತೆ ಮುಚ್ಚಿಸಿಬಿಟ್ಟ.

ಬಿಡಾರವೆಲ್ಲ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಆದರೆ ಇಂಥ ಹೆಸರನ್ನು ಅವ್ವ ಯಾಕೆ ಆರಿಸಿದಳು? ಒಂದು ಸಲ ಕೇಳಿ ಬರೆ.

ನನ್ನ ಅಳಿಯ ಕೊನಲ್‌ಗೆ ಒಂದು ಮರದ ದೋಣಿ ಕೆತ್ತಿದ್ದೇನೆ. ಮೂತಿಯ ಮೇಲೆ ಅವನ ಹೆಸರನ್ನೂ ಕೊರೆದಿದ್ದೇನೆ. ಕಳಿಸುತ್ತಿದ್ದೇನೆ.

ಓರಾನ್


ಇನಿಶ್ ಲೋನ್
೧೨ ಮೇ ೧೯೫೭

ಪ್ರೀತಿಯ ಓರಾನ್,

ದೋಣಿ ತಲುಪಿತು. ಮಗು ಅದನ್ನು ಕೈಯಿಂದ ಬಿಡುವುದಿಲ್ಲ, ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತದೆ. ನಿನ್ನ ಕೈಕೆಲಸ ತುಂಬಾ ನಾಜೂಕು.

ಅವ್ವನನ್ನು ಕೇಳಿದೆ. ಒಲೆಯ ಮುಂದೆ ಆಲೂಗಡ್ಡೆ ಸುಲಿಯುತ್ತಿದ್ದಳು. "ಓರಾನ್ ಅಂತ ಹೆಸ್ರು ಯಾಕವ್ವಾ ಇಟ್ಟೆ?" ಎಂದೆ. "ಅದ್ಯಾಕೇ ಈಗ?" ಎಂದಳು. ಸುಮ್ಮನೆ ಎಂದೆ.

"ಹುಟ್ಟಿದಾಗ ತಲೆ ತುಂಬ ಎಂಥದೋ ತುಪ್ಪಳ. ಚಳಿಗಾಲದಲ್ಲಿ ಗುಡ್ಡದ ಜರಿಗಿಡ ಒಣಗಿರುತ್ತಲ್ಲ, ಆ ಬಣ್ಣ. ಕಂದೂ ಅಲ್ಲ, ಬೂದೀನೂ ಅಲ್ಲ. ಓರಾನ್ ಅಂದ್ರೆ ಅದೇ ಅಲ್ವೇನೇ, ಮಸುಕು ಬಣ್ಣದ ಪುಟಾಣಿ. ಸಂತನೂ ಇಲ್ಲ ಗಿಂತನೂ ಇಲ್ಲ. ಪಾದ್ರಿ ಕೇಳ್ದಾಗ ಸಂತನ ಹೆಸ್ರು ಸ್ವಾಮಿ ಅಂದುಬಿಟ್ಟೆ. ಇಲ್ದಿದ್ರೆ ಆ ಸಿಡುಕ ಹೆಸ್ರಿಡೋ ನೀರನ್ನ ತಲೆಗೆ ಹಾಕ್ತಿರ್ಲಿಲ್ಲ."

ಇಷ್ಟು ಹೇಳಿ ನಕ್ಕಳು. ಆಮೇಲೆ ಸುಲಿಯುವುದನ್ನು ನಿಲ್ಲಿಸಿ ನನ್ನ ಕಡೆ ತುಂಬಾ ಹೊತ್ತು ಮುಖ ಮಾಡಿ ಕೂತಳು. ಆ ಕಣ್ಣಿಗೆ ಈಗ ಏನು ಕಾಣಿಸುತ್ತದೋ.

ನಿನ್ನ ಟೊರ್ಕಿಲ್‌ನ ಕಥೆಯನ್ನು ಅವಳಿಗೆ ಹೇಳಲಿಲ್ಲ. ನನಗೆ ಅದರಲ್ಲಿ ನಗು ಬರಲಿಲ್ಲ.

ಈ ತಿಂಗಳು ಬರಬೇಡ. ಜೌಗಿನಲ್ಲಿ ಉರುವಲಿಗೆ ಮಣ್ಣಿನ ಹೆಂಟೆ ಕೊಯ್ಯುವ ಕೆಲಸ, ಮನೆಯಲ್ಲಿ ಯಾರೂ ಇರುವುದಿಲ್ಲ. ಅವ್ವನಿಗೆ ಕೆಮ್ಮು ಬೇರೆ. ಇನ್ನೂ ಹೇಳಿಲ್ಲ. ಹೇಳುತ್ತೇನೆ.

ನೂಲಾ


ಗ್ಲೆನ್ ಡುವ್
೯ ಜೂನ್ ೧೯೫೭

ಅಕ್ಕಾ,

ಮೊದಲು ಅವ್ವನ ಎದೆ, ಆಮೇಲೆ ಕಡಲು ಒರಟು, ಈಗ ಉರುವಲಿನ ಕೆಲಸ. ಕುಣಿಯಲಾರದವಳಿಗೆ ನೆಲ ಡೊಂಕು. ನನ್ನ ಕಿವಿ ಮಂದವಾಗಿರಬಹುದು, ಬುದ್ಧಿ ಮಂದವಾಗಿಲ್ಲ.

ಫರ್ಗಲ್ ಭಾವನಿಗೆ ಒಂದು ಮಾತು ಹೇಳು. ನಾನು ಅಪ್ಪನ ಹೊಲ ಕೇಳಲು ಬರುತ್ತಿಲ್ಲ. ಆ ಕಲ್ಲುನೆಲವನ್ನು ಇಷ್ಟು ವರ್ಷ ಕಡಲಪಾಚಿ ಹೊತ್ತು ಹಸನು ಮಾಡಿದವನು ಅವನು. ಅದು ಅವನದೇ, ಅವನ ಮಗ ಕೊನಲ್‌ನದೇ. ಬೇಕಾದರೆ ಪಾದ್ರಿಯ ಮುಂದೆ ಆಣೆ ಮಾಡುತ್ತೇನೆ. ಸತ್ತ ಭಾವಮೈದ ಎದ್ದು ಬಂದರೆ ಪಾಲು ಕೇಳುತ್ತಾನೆ ಎಂಬ ಹೆದರಿಕೆ ಯಾರಿಗಾದರೂ ಇರುತ್ತದೆ, ನಾನು ತಪ್ಪು ತಿಳಿಯುವುದಿಲ್ಲ. ಆದರೆ ನೀನೇ ಬಾಯಿಬಿಟ್ಟು ಹೇಳಬಹುದಿತ್ತು, ಅಕ್ಕಾ. ಅದು ನೋವಾಯಿತು.

ಆಗಸ್ಟ್ ಹದಿನೈದರ ಮರಿಯಮ್ಮನ ಹಬ್ಬಕ್ಕೆ ದ್ವೀಪದವರೆಲ್ಲ ಎದುರು ದಡದ ಗುಡಿಗೆ ಬರುತ್ತೀರಲ್ಲ. ಅಲ್ಲಿಗೆ ಬರುತ್ತೇನೆ. ಅಷ್ಟರೊಳಗೆ ಅವ್ವನಿಗೆ ಹೇಳಿರು. ಅವಳ ಕೈ ಮುಟ್ಟಿ ವಾಪಸು ಹೊರಡುತ್ತೇನೆ.

ಓರಾನ್


ಇನಿಶ್ ಲೋನ್
೭ ಜುಲೈ ೧೯೫೭

ಓರಾನ್,

ಹೊಲವಂತೆ ಹೊಲ! ಹೊಲಕ್ಕಾಗಿ ಒಡಹುಟ್ಟಿದವನನ್ನು ದೂರ ಇಟ್ಟೆ ಎಂದುಕೊಂಡೆಯಾ? ಹಾಗೆ ಅಂದುಕೊಂಡಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ನನ್ನ ಮಗನ ಹೆಸರು ಕೊನಲ್ ಅಲ್ಲ. ಓರಾನ್. ನಿನ್ನ ಹೆಸರನ್ನು ಅವನಿಗೆ ಇಟ್ಟಿದ್ದೇವೆ. ಮೊದಲ ಕಾಗದದಿಂದ ಇವತ್ತಿನವರೆಗೆ ನಿನಗೆ ಸುಳ್ಳು ಹೇಳಿದ್ದೇನೆ. ನಿನ್ನ ದೋಣಿ ಬಂದ ದಿನ ಅದರ ಮೂತಿಯ ಮೇಲಿನ ಹೆಸರನ್ನು ಅಡುಗೆಚೂರಿಯಿಂದ ಕೆರೆದು ಹಾಕಿದೆ. ಏನು ಕೆರೀತಿದ್ದೀಯೇ ಎಂದು ಅವ್ವ ಕೇಳಿದಳು. ಮೀನಿನ ಪೊರೆ ಎಂದೆ. ಕಾಗದಗಳು ಫರ್ಗಲ್‌ನ ಚಿಕ್ಕಪ್ಪನ ಮಗ ಬರೆದವು ಎಂದೆ. ಒಂದು ಸುಳ್ಳು ಹೇಳಿದವಳಿಗೆ ಇನ್ನೊಂದು ತಾನಾಗಿಯೇ ಬಾಯಿಗೆ ಬರುತ್ತದೆ.

ಬದುಕಿರುವವನ ಹೆಸರನ್ನು ಹೊತ್ತ ಮಗುವಿಗೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಯೋನ್ ಮನೆಯ ಹೆಣವನ್ನು ನೀನೇ ಹೊತ್ತಿದ್ದೆ. ನಿನ್ನ ಕಾಗದ ಬಂದ ದಿನ ಇವನಿಗೆ ಜ್ವರ ಏರಿತು. ಬರಬೇಡ ಎಂದು ನಿನಗೆ ಬರೆದೆ, ಇಳಿಯಿತು. ನಾನು ಏನು ತಿಳಿಯಲಿ ಹೇಳು?

ಹೆಸರು ಬದಲಾಯಿಸಿಬಿಡೋಣ ಎಂದ ಫರ್ಗಲ್. ಪಾದ್ರಿ, "ಹಾಕಿದ ನೀರನ್ನ ವಾಪಸ್ ತುಂಬ್ಕೊಳ್ಳೋಕೆ ಆಗುತ್ತೇನಮ್ಮಾ? ಮೂಢನಂಬಿಕೆ ಬಿಟ್ಟು ಮನೆಗೆ ಹೋಗು" ಎಂದರು. ಅವರಿಗೇನು, ಮಕ್ಕಳೇ ಮರಿಯೇ? ಅವ್ವನಂತೂ ದಿನಕ್ಕೆ ನೂರು ಸಲ ಆ ಹೆಸರು ಕರೆದೇ ಬದುಕಿದ್ದಾಳೆ.

ಒಂದು ಮಾತು ಉಳಿದಿದೆ. ಮಗು ಜ್ವರದಲ್ಲಿ ನರಳುತ್ತಿದ್ದಾಗ ನಾನು ಮರಿಯಮ್ಮನ ಮುಂದೆ ಮೊಣಕಾಲೂರಿ, ಒಬ್ಬನನ್ನೇ ಉಳಿಸುವುದಾದರೆ ಚಿಕ್ಕವನನ್ನು ಉಳಿಸು ಎಂದು ಬೇಡಿಕೊಂಡೆ. ಆಗ ನೀನು ಬದುಕಿರುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬೇಡಿಕೊಂಡೆ.

ಬಾ ಎನ್ನಲೂ ಆಗುತ್ತಿಲ್ಲ, ಬರಬೇಡ ಎನ್ನಲೂ ಆಗುತ್ತಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ.

ನೂಲಾ


ಗ್ಲೆನ್ ಡುವ್
೧೮ ಆಗಸ್ಟ್ ೧೯೫೭

ಅಕ್ಕಾ,

ನಿನ್ನ ಕಾಗದ ಓದಿದ ಮೇಲೆ ಬರಬಾರದೆಂದೇ ಇದ್ದೆ. ಮನಸ್ಸು ಕೇಳಲಿಲ್ಲ, ಬಂದೆ. ದ್ವೀಪಕ್ಕೆ ಕಾಲಿಡಲಿಲ್ಲ, ಹೆದರಬೇಡ. ಎದುರು ದಡದಲ್ಲಿ, ದೋಣಿಕಟ್ಟೆಯ ಗೋಡೆಗೆ ಒರಗಿ ನಿಂತಿದ್ದೆ. ಗಡ್ಡ ಇದ್ದದ್ದರಿಂದ ಯಾರಿಗೂ ಗುರುತು ಸಿಗಲಿಲ್ಲ. ಫರ್ಗಲ್ ಭಾವನೇ ಮುಂದಿನಿಂದ ಹಾದುಹೋಗಿ, "ಒಳ್ಳೆ ಬಿಸ್ಲು ಬಂತು, ಅಲ್ವಾ?" ಎಂದು ನನಗೇ ಹೇಳಿದ. ಹೌದೆಂದೆ. ನಿನ್ನನ್ನು ಹುಡುಕಿದೆ, ನೀನು ಬಂದಿರಲಿಲ್ಲ.

ಅವ್ವ ದೋಣಿಯಿಂದ ಇಳಿದಳು. ಎಷ್ಟು ಚಿಕ್ಕವಳಾಗಿಬಿಟ್ಟಿದ್ದಾಳೆ! ಮಗು ಮುಂದೆ ಓಡಿ ಕಪ್ಪೆಚಿಪ್ಪು ಆರಿಸುತ್ತಿತ್ತು. ಅವ್ವ ನನ್ನ ಕಡೆಗೇ ಮುಖ ಮಾಡಿ ನಿಂತಳು. ಆಮೇಲೆ "ಓರಾನ್!" ಎಂದು ಕರೆದಳು.

ಅಕ್ಕಾ, ನನ್ನ ಟೋಪಿ ತಾನಾಗಿ ಕೈಗೆ ಬಂತು. ಒಂದು ಕಾಲೂ ಮುಂದಿಟ್ಟೆ. ಅಷ್ಟರಲ್ಲಿ ಮಗು ಓಡಿ ಬಂದು ಅವಳ ಲಂಗ ಹಿಡಿದುಕೊಂಡಿತು. ಆಗ ತಿಳಿಯಿತು, ಕರೆದದ್ದು ನನ್ನನ್ನಲ್ಲ ಎಂದು. ಅವ್ವ ಅದರ ತಲೆ ಮೇಲೆ ಕೈಯಿಟ್ಟಳು. ಮುಖ ಮಾತ್ರ ಗೋಡೆಯ ಕಡೆಗೇ ಇತ್ತು. ಪೊರೆ ಬಂದ ಕಣ್ಣು, ಪಾಪ. ಎತ್ತ ನೋಡಿದರೂ ಒಂದೇ ಅಲ್ಲವೇ.

ಅವನ ತಲೆಕೂದಲು ಅವ್ವ ಹೇಳಿದ ಬಣ್ಣದ್ದೇ. ಹೆಸರು ಅವನಿಗೇ ಇರಲಿ. ನಿನ್ನ ಪ್ರಾರ್ಥನೆಯ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಾನಿದ್ದರೂ ಅದನ್ನೇ ಬೇಡುತ್ತಿದ್ದೆ. ಅವ್ವನಿಗೆ ಏನೂ ಹೇಳಬೇಡ. ಅವಳು ನೆಮ್ಮದಿಯಾಗಿದ್ದಾಳೆ, ಅದನ್ನು ಕಣ್ಣಾರೆ ಕಂಡೆ. ಇನ್ನು ನಾನು ಬರೆಯುವುದಿಲ್ಲ.

ನಿನ್ನ ತಮ್ಮ


ಇನಿಶ್ ಲೋನ್
೧೭ ನವೆಂಬರ್ ೧೯೫೭

ಓರಾನ್,

ಅವ್ವ ಹೋದಳು. ಗುರುವಾರ ಮಧ್ಯಾಹ್ನ. ನೆನ್ನೆ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿ ಬಂದೆವು.

ನೀನು ಬರೆಯುವುದಿಲ್ಲ ಎಂದೆ, ನಾನೂ ಬರೆಯಲಿಲ್ಲ. ನಿಜ ಹೇಳುತ್ತೇನೆ, ಆಗಸ್ಟ್ ಕಾಗದ ಓದಿ ಅತ್ತೆ, ಅತ್ತ ಮೇಲೆ ಹಾಯೆನಿಸಿತು. ಮಗ ಉಳಿದ, ಅವ್ವ ನೆಮ್ಮದಿಯಾಗಿದ್ದಾಳೆ, ತಮ್ಮ ತಾನಾಗಿಯೇ ಬಿಟ್ಟುಕೊಟ್ಟ, ಇನ್ನೇನು ಬೇಕು ಎಂದುಕೊಂಡೆ. ಹಬ್ಬದ ದಿನ ಹಸು ಕರು ಹಾಕುವುದಿದೆ ಎಂದು ಮನೆಯಲ್ಲೇ ಉಳಿದಿದ್ದೆ. ಹಸು ಕರು ಹಾಕಿದ್ದು ಅದಾಗಿ ಹದಿನೈದು ದಿನಕ್ಕೆ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ, ಅಷ್ಟೇ.

ಹಬ್ಬದಿಂದ ಬಂದ ಮೇಲೆ ಅವ್ವ ಮತ್ತೆ ಗೋಡೆಯ ಕಡೆ ತಿರುಗಿ ಮಲಗತೊಡಗಿದಳು. ವಯಸ್ಸಾಯಿತು ಎಂದುಕೊಂಡೆವು. ಗುರುವಾರ ಪಾದ್ರಿ ಕೊನೆಗಾಲದ ಎಣ್ಣೆ ಹಚ್ಚಿ ಹೊರಗೆ ಹೋದರು. ಅವ್ವ ಕಣ್ಣು ಬಿಟ್ಟು "ಓರಾನ್" ಎಂದಳು. ಮಗು ಮಂಚ ಹತ್ತಿ ಅವಳ ಕೈ ಹಿಡಿಯಿತು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನೀನಲ್ಲ ಮಗಾ. ದೊಡ್ಡವನು."

ನಾನು ಏನು ಹೇಳಿದೆ ಗೊತ್ತಾ? ಸಾಯುತ್ತಿರುವ ತಾಯಿಗೆ? "ದೊಡ್ಡವ್ನು ಹೋಗಿ ನಾಲ್ಕು ವರ್ಷ ಆಯ್ತಲ್ಲವ್ವಾ" ಎಂದೆ.

"ಸುಮ್ನಿರೇ" ಎಂದಳು. "ಹಬ್ಬದ ದಿನ ದೋಣಿಕಟ್ಟೆ ಗೋಡೆ ಹತ್ರ ನಿಂತಿದ್ದ. ಗಡ್ಡ ಬಿಟ್ಟಿದ್ದ. ಕಣ್ಣು ಮಂಜಾದ್ರೆ ಹೆತ್ತವ್ಳಿಗೆ ಮಗ ನಿಲ್ಲೋ ರೀತಿ ಗೊತ್ತಾಗಲ್ವೇನೇ? ಅವನಪ್ಪನ ಥರಾನೇ, ಒಂದು ಭುಜ ಇಳಿಬಿಟ್ಕೊಂಡು. ನಾನು ಕರೆದೆ. ಅವನನ್ನೇ ಕರೆದದ್ದು. ಈ ಕೂಸು ಓಡಿ ಬಂತು, ಅವನು ಹಂಗೇ ತಿರುಗಿ ಹೋಗ್ಬಿಟ್ಟ. ಮುಖ ತೋರಿಸ್ಬೇಡ ಅಂದಿದ್ನಲ್ಲ. ಇನ್ನೂ ಕೋಪ ಅವನಿಗೆ."

ಆಗ ಬಾಯಿಬಿಟ್ಟೆ. ಕೋಪ ಇಲ್ಲವ್ವಾ, ಬರಬೇಡ ಅಂದವಳು ನಾನು, ಮುಚ್ಚಿಟ್ಟವಳು ನಾನು ಎಂದು ಅವಳ ಕಿವಿಯ ಹತ್ತಿರ ಕೂಗಿ ಕೂಗಿ ಹೇಳಿದೆ. ಫರ್ಗಲ್ ಬಂದು ನನ್ನ ಭುಜ ಹಿಡಿದು, "ಸಾಕು ನೂಲಾ, ಹೋದ್ರು" ಎಂದ. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಏನೂ ಕೇಳಿಸಿರಲಾರದು ಎಂದೇ ನನಗನಿಸುತ್ತದೆ.

ದೊಡ್ಡವನು ಯಾರು ಎಂದು ಮಗು ಜಾಗರಣೆಗೆ ಬಂದವರನ್ನೆಲ್ಲ ಕೇಳುತ್ತಿತ್ತು. ಸತ್ತುಹೋದ ಮಾವ ಎಂದು ಎಲ್ಲರೂ ಹೇಳಿದರು. ನಾನು ಎದ್ದು ನಿಂತು, ಇಲ್ಲ, ಬದುಕಿದ್ದಾನೆ, ನಾನೇ ಮುಚ್ಚಿಟ್ಟಿದ್ದೆ ಎಂದೆ. ಮೇಲ್ಮನೆಯ ಯೋನ್ ಬಾಗಿಲ ಹತ್ತಿರದಿಂದ, "ಅವನನ್ನ ಕರಿ, ನೂಲಾ. ದೂರ ನಿಂತು ಕಾಯೋದು ಏನು ಅಂತ ನಂಗೊತ್ತು" ಎಂದ.

ಡಿಸೆಂಬರ್ ಹದಿನಾಲ್ಕಕ್ಕೆ ಅವ್ವನ ತಿಂಗಳ ಪೂಜೆ. ನನಗೆ ಈಗಲೂ ಭಯವೇ, ಸುಳ್ಳು ಹೇಳುವುದಿಲ್ಲ. ನೀನು ಬಂದು ಹೋಗುವವರೆಗೂ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಲೇ ಇರುತ್ತೇನೆ. ಆದರೂ ಬಾ. ದೋಣಿಯಿಂದ ಇಳಿಯುವಾಗ ಯಾರಾದರೂ ಆ ಹೆಸರು ಕೂಗಿದರೆ ಹಿಂದೆ ಮುಂದೆ ನೋಡಬೇಡ, ನಿನ್ನನ್ನೇ ಎಂದು ತಿಳಿದು ಓ ಅನ್ನು.

ನೂಲಾ